ಎರಡು ಕೆಮ್ಮು

ಮೇಜು ಅಂದರೆ ಕೊಟ್ಟಿಗೆಯ ಹಳೇ ಬಾಗಿಲು,
ಎರಡು ಪೀಪಾಯಿಗಳ ಮೇಲೆ ಅಡ್ಡ ಮಲಗಿಸಿದ್ದು.
ಚಿಲಕ ಇನ್ನೂ ಹಾಗೇ ಇದೆ. ಆಲ್ಬಾನನ ಮೊಣಕೈಗೆ
ಪ್ರತಿ ವರ್ಷ ತಾಗುತ್ತದೆ, ಪ್ರತಿ ವರ್ಷ ಬೈಯುತ್ತಾನೆ,
ಪ್ರತಿ ವರ್ಷ ಅಲ್ಲೇ ಬಂದು ಕೂರುತ್ತಾನೆ.

ನವೆಂಬರಿನ ಕೊನೆಯ ಭಾನುವಾರ. ಮನೋಸ್ಕಿನ ಆಚೆಗೆ
ಮಿಸ್ತ್ರಾಲ್ ಗಾಳಿ ಎದ್ದಿದೆ, ಕಿಟಕಿಯ ಹಲಗೆಗಳು ಹಲ್ಲು ಕಡಿಯುತ್ತಿವೆ.
ವೈನ್ ಬಾಟಲಿಗಳಿಗೆ ಉಣ್ಣೆಯ ಕಾಲುಚೀಲ ತೊಡಿಸಿದ್ದೇನೆ,
ಯಾರ ಊರು ಯಾವುದೆಂದು ಗೊತ್ತಾಗಬಾರದು.
ಎಣ್ಣೆಗೆ ಸಾಸಿವೆಯ ಖಾಲಿ ಗ್ಲಾಸುಗಳು, ನಾಲ್ಕು ಸಾಲು.
ಸೀಳಿದ ಸೇಬು, ನಿನ್ನೆಯ ಬ್ರೆಡ್ಡು, ಒಂದು ಮೇಕೆಹಾಲಿನ ಚೀಸ್.
ಇಷ್ಟೇ ಔತಣ.

ಏಪ್ರಿಲಿನ ಜ್ವರ ಬಿಟ್ಟು ಹೋಗುವಾಗ
ವಾಸನೆಗಳನ್ನೆಲ್ಲ ಗಂಟು ಕಟ್ಟಿ ಒಯ್ದದ್ದು
ಇವರಲ್ಲಿ ಯಾರಿಗೂ ಗೊತ್ತಿಲ್ಲ.
ಇಪ್ಪತ್ತಾರು ವರ್ಷದಿಂದ ಈ ಕಣಿವೆಯಲ್ಲಿ
ಎಣ್ಣೆ ಸರಿಯೋ ಕಮಟೋ ಅಂತ ನನ್ನನ್ನೇ ಕೇಳುತ್ತಾರೆ.
ಮೂಗೇನೋ ಮುಖದಲ್ಲೇ ಇದೆ,
ಮುರಿಯಲಿಕ್ಕೆ ಸಾಕು, ಮೂಸಲಿಕ್ಕೆ ಬಾರದು.

"ಕಣ್ಣು ಮುಚ್ಚಿ," ಅಂದೆ. ಮುಚ್ಚಿದರು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರನ್ನು ನೋಡಿ ನಗುವ ಲೋಕ
ಇವರನ್ನು ನೋಡಬೇಕಿತ್ತು:
ಗ್ಲಾಸನ್ನು ಅಂಗೈಯಲ್ಲಿ ಹುದುಗಿಸಿ, ಮರಿಹಕ್ಕಿಗೆ ಕಾವು ಕೊಟ್ಟಂತೆ,
ಆಮೇಲೆ ಸೊರ್ರನೆ ಹೀರಿ,
"ಹಸಿ ಬಾದಾಮಿ," ಎಂದಳು ಔದ್.
"ಕೊಯ್ದ ಹುಲ್ಲು." "ಟೊಮೆಟೊ ಎಲೆ."
ಆಲ್ಬಾನ್ ಮಾತ್ರ "ನಮ್ಮಜ್ಜಿಯ ಕಪಾಟು" ಎಂದ.
ಅವರವರ ಮೂಗಿನ ನೇರಕ್ಕೆ ಅವರವರ ಮಾತು.
ನಾನು ಎಲ್ಲವನ್ನೂ ಬರೆದುಕೊಂಡೆ, ತಲೆಯಾಡಿಸಿದೆ,
ಅವರ ಹುಬ್ಬು ನೋಡಿ ಅಂಕ ಕೊಟ್ಟೆ. ಕಳ್ಳಿ.

ವೈನು? ತಣ್ಣಗಿತ್ತು, ಹುಳಿಯಿತ್ತು,
ಒಗರು ನಾಲಿಗೆಯನ್ನು ಹಿಡಿದೆಳೆಯಿತು. ಬಣ್ಣ ಚೆನ್ನಾಗಿತ್ತು.
ಅದರಾಚೆ ಗೋಡೆ.

ಔದಳ ಮಗಳು ಲಿಜೋನ್, ಎಂಟು ವರ್ಷದವಳು, ಕೇಳಿದಳು:
"ಸೊಲಾಂಜ್, ಬ್ರೆಡ್ಡು ಸೀದು ಹೋಗ್ತಿದೆ, ನಿನಗೆ ವಾಸನೆ ಬರಲ್ವಾ?"
ಒಲೆಯ ಹತ್ತಿರ ಕೂತಿದ್ದವಳು ನಾನೇ.
ಹೊಗೆ ಕಣ್ಣಿಗೆ ಕಂಡಿತು, ಅಷ್ಟೇ.

ಸುಳ್ಳಿಗೆಂದು ಬಾಯಿ ತೆರೆದೆ. ತೆರೆದ ಬಾಯಿಗೆ
ನಾಲ್ಕನೆಯ ಗ್ಲಾಸು ಸುರಿದುಕೊಂಡೆ, ಮಾತು ತಪ್ಪಿಸಲಿಕ್ಕೆ.
ನನ್ನದೇ ಅಗ್ಲಾಂದೊ ಮರಗಳದು, ಹತ್ತು ದಿನದ ಹಸುರು ಎಣ್ಣೆ.
ಮೊದಲು ಏನಿಲ್ಲ. ಜಿಡ್ಡು.
ಆಮೇಲೆ ಗಂಟಲ ಕೆಳಗೆಲ್ಲೋ ಯಾರೋ ಕಡ್ಡಿ ಗೀರಿದರು.
ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಕಣ್ಣಲ್ಲಿ ನೀರು.
ಏಳು ತಿಂಗಳಲ್ಲಿ ಮೊದಲ ಬಾರಿ
ಹೊರಗಿನದೊಂದು ಒಳಗೆ ಬಂದು
ತಾನು ಬಂದೆನೆಂದು ಹೇಳಿತ್ತು.

ಆಲ್ಬಾನ್ ಇನ್ನೂ ಕಣ್ಣು ತೆರೆದಿರಲಿಲ್ಲ.
"ಎರಡು ಕೆಮ್ಮು," ಎಂದ. "ಒಳ್ಳೇ ಎಣ್ಣೆ."
ಮೊಣಕೈ ಮತ್ತೆ ಚಿಲಕಕ್ಕೆ ತಾಗಿ, ಬೈದ.

ಲಿಜೋನ್ ಸೀದ ಬ್ರೆಡ್ಡನ್ನು ಚಾಕುವಿನಿಂದ ಕೆರೆಯುತ್ತಿದ್ದಳು,
ಕರ ಕರ, ನನ್ನನ್ನೇ ನೋಡುತ್ತ.
ಅವಳ ಕೈಯಿಂದ ಒಂದು ತುಂಡು ತಗೊಂಡು
ಅದರ ಮೇಲೆ ಸುರಿದೆ, ಧಾರಾಳವಾಗಿ.