ಕಾಂಟಾ

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ, ದಾಲ್ ಮಿಲ್ಲಿನ ಕಾಂಟಾದ ಮುಂದ
ನನ್ನ ಕುರ್ಚಿ. ಹನ್ನೊಂದು ವರ್ಷ ಆತು.
ತುಂಬಿದ ಲಾರಿ ಬರ್ತದ, ಒಂದು ಅಂಕಿ.
ತೊಗರಿ ಇಳಿಸಿ ಖಾಲಿ ಬರ್ತದ, ಇನ್ನೊಂದು.
ಕಳದು, ಬರದು, ಚೀಟಿ ಹರದು ಕೊಡೋದು.
ಎದ್ದು ನಿಲ್ಲೋದು ಸೇಠ್ ಬಂದಾಗ ಮಾತ್ರ,
ಅವರೂ 'ಕೂಡ್ರಿ, ಕೂಡ್ರಿ ಫೌಜಿ' ಅಂತಾರ.

ಎಲ್ಲಾರೂ ಅದನ್ನೇ ಅಂತಾರ.
ಬಸ್ಸಿನಾಗ, ಬ್ಯಾಂಕಿನಾಗ, ಮದುವಿ ಪಂಕ್ತಿಯಾಗ.
ಕೂಡಿಸಿ ಒಂದು ಮಾಲ್ಪುರಿ ಹಾಕಿ,
'ದೇಶಕ್ಕ ಕಾಲು ಕೊಟ್ಟಾನ' ಅಂತ ಇನ್ನೊಂದು ಹಾಕಿ.
ಕೊಟ್ಟಿಲ್ಲರಿ. ಪೂಂಛಿನ ಬೇಲಿ ಹತ್ರ ಎಡಗಾಲು ಇಟ್ಟೆ,
ಎತ್ತಲಿಕ್ಕೆ ಆಗಲಿಲ್ಲ. ಅಷ್ಟೇ.

ಈ ಸಲ ನಕಲಿ ಕಾಲಿನಾಗ ಮೋಟು ಕೂಡವಲ್ದು.
'ಇದು ಮೂರನೇದು, ಹವಾಲ್ದಾರ ಸಾಹೇಬ್ರ,' ಅಂದ್ರು ಡಾಕ್ಟರ್ ನುಸ್ರತ್,
'ಅದು ಸಣ್ಣದಾಗಿಲ್ಲ, ನೀವು ದೊಡ್ಡವರಾಗೀರಿ.'
ಸಕ್ಕರಿ ಎರಡು ನೂರಾ ಹದಿನಾಲ್ಕು.
ಬಿ.ಪಿ. ಬರಕೊಂಡ್ರು, ಹೇಳಲಿಲ್ಲ.
'ಇದ್ದ ಕಾಲು ಉಳಿಸ್ಕೋಬೇಕು. ದಿನಾ ರಾತ್ರಿ
ಕನ್ನಡಿ ಹಿಡದು ಅಂಗಾಲು ನೋಡ್ರಿ.'

ಆಮ್ಯಾಲ ಕಾಲು ಬಿಚ್ಚಿಸಿ ತೂಕ ಮಾಡಿದ್ರು: ಎಂಬತ್ನಾಲ್ಕು.
ಕ್ಯಾಲ್ಕುಲೇಟರ್ ಒತ್ತಿ ಐದು ಕೂಡಿಸಿದ್ರು.
ಯಾಕ್ರಿ ಅಂದೆ.
'ಇಲ್ಲದ ಕಾಲಿಂದು.
ಅದನ್ನ ಹಿಡೀಲಿಲ್ಲಂದ್ರ ಲೆಕ್ಕ ಸುಳ್ಳು ಹೇಳ್ತದ.'

ನನಗ ಗೊತ್ತೇ ಇರಲಿಲ್ಲ.
ಹೋದಾಗ ಅದು ಮೂರೂವರಿ ಕಿಲೋ ಇದ್ದೀತು,
ಬೆಳಗಾವಿ ಮೈದಾನದಾಗ ಓಡಿ ಓಡಿ ಒಣಗಿದ ಕಾಲು.
ಇಪ್ಪತ್ತು ವರ್ಷ ಅಲ್ಲೇ ಹಿಮದಾಗ ಕುಂತು
ಜಗದೇವಿ ಬಡದ ರೊಟ್ಟಿ, ಮಂದಿ ಹಾಕಿದ ಮಾಲ್ಪುರಿ,
ರಾತ್ರಿ ಪಾಳಿಯ ಮಿರ್ಚಿ ಭಜಿ
ನನ್ನ ಜೋಡಿ ಉಂಡು
ಈಗ ಐದು ಕಿಲೋ ಆಗ್ಯದ.
ಅದಕ್ಕೇ ಏನೋ, ಮಲಗಿದಾಗ ಅದರ ಹೆಬ್ಬೆರಳು ಭಾರ.

ಮನ್ಯಾಗ ಹೇಳ್ದೆ. ಜಗದೇವಿ ನಕ್ಕಳು. ನಕ್ಕು ಮುಗಿಸಿ,
ನನ್ನ ತಾಟಿನಿಂದ ಒಂದು ರೊಟ್ಟಿ ಎತ್ತಿ ಬುಟ್ಟಿಗೆ ಹಾಕಿದಳು.
'ಇದು ಅದರ ಪಾಲಿಂದು.'

ನಿನ್ನೆ ಕಡೀ ಲಾರಿ ಹೋದ ಮ್ಯಾಲ
ಕಾಂಟಾದ ಕಬ್ಬಿಣದ ಮ್ಯಾಲ ನಾನೇ ನಿಂತೆ.
ಇಪ್ಪತ್ತು ಕಿಲೋಕ್ಕೊಮ್ಮೆ ಜಿಗಿಯೋ ಕಾಂಟಾ ಇದು,
ಸಣ್ಣ ಲೆಕ್ಕ ಹಿಡಿಯಂಗಿಲ್ಲ.
ಗ್ವಾಡಿ ಮ್ಯಾಲಿನ ಕೆಂಪು ಅಂಕಿ: ಎಂಬತ್ತು.
ಕಾಲು ಬಿಚ್ಚಿ ಹೊರಗ ಮಣ್ಣಿನಾಗ ಇಟ್ಟೆ.
ಎಂಬತ್ತು.
ಕೋಲು ಹಿಡದು ಬಹಳೊತ್ತು ನಿಂತಿದ್ದೆ, ದೂರದಾಗ
ಹುಮನಾಬಾದ ರೋಡಿನ ಗಾಡಿಗಳ ಸಪ್ಪಳ.

ಚೀಟಿ ತೆಗದೆ.
ಮಾಲು: ಏನೂ ಬರೀಲಿಲ್ಲ.
ತುಂಬಿದ ತೂಕ: ಎಂಬತ್ತು.
ಖಾಲಿ ತೂಕದ ಸಾಲು ಹಂಗೇ ಬಿಟ್ಟೆ.
ಗಾಡಿ ಇನ್ನಾ ಒಳಗೇ ಅದ.