ನಾಲ್ಕು ಕಾಜಾ

ಶಹಾಬಜಾರದ ಮೂಲಿ ಅಂಗಡ್ಯಾಗ
ಮೂವತ್ತೊಂದು ವರ್ಷ ಇವರು ಕತ್ತರಿ, ನಾನು ಕಾಜಾ.
ಗುಂಡಿ ಹಚ್ಚೋದು ಯಾರಿಗೂ ಬರ್ತದ.
ಕಾಜಾ ಹಾಂಗಲ್ಲ:
ಅರಿವಿ ಸೀಳಬೇಕು, ಸೀಳಿದ್ದು ಹರೀಬಾರ್ದು.

ಬೆನ್ನುನೋವಂತ ಹೋದವ್ರಿಗಿ
ಸ್ಕ್ಯಾನಿಂಗ್‌ನಾಗ ಸಿಕ್ಕದ್ದು ಬ್ಯಾರೆ.
ಎದಿಯಿಂದ ಇಳಿಯೋ ದೊಡ್ಡ ರಕ್ತನಾಳ
ಸೈಕಲ್ ಟ್ಯೂಬಿನ ಹಾಂಗ ಒಂದೇ ಕಡಿಗಿ ಉಬ್ಬ್ಯದ,
ಆರೂವರಿ ಸೆಂಟಿಮೀಟರ್.
"ಇಂಚಿನಾಗ ಹೇಳ್ರಿ ಸಾಹೇಬ್ರ" ಅಂದ್ರು ಇವರು.
ಎರಡೂವರಿ, ಮ್ಯಾಲ ಅರ್ಧ ನೂಲು.
ಆ ರಾತ್ರಿ ಮಲಗಿ ಹೊಟ್ಟಿ ಮ್ಯಾಲ ಟೇಪು ಇಟ್ಕೊಂಡ್ರು.
ಟೇಪು ತಾನೇ ಕುಣೀತಿತ್ತು.

ತಯಾರಿದ್ದ ಮಾಲು ಇವರಿಗಿ ಬರಲ್ಲಂತ.
ಉಬ್ಬಿದ ಜಾಗದಾಗೇ ನಾಲ್ಕು ಕವಲು ಒಡದಾವ,
ಎರಡು ಕಿಡ್ನಿಗಿ, ಒಂದು ಕರುಳಿಗಿ, ಒಂದು ಲಿವರ್ ಬದಿಗಿ.
ಬರೇ ಕೊಳವಿ ಹಾಕಿ ಮುಚ್ಚಿದ್ರ ಅವು ಉಪವಾಸ ಸಾಯ್ತಾವ.
ಅದಕ್ಕ ಇವರ ಅಳತಿಗೇ ಹೊಲಸಬೇಕು,
ಕವಲಿದ್ದಲ್ಲೆಲ್ಲ ಕಿಂಡಿ ಇಡಸಬೇಕು.
ಹೈದರಾಬಾದಿನ ಡಾಕ್ಟರ್ ಕಾಗದದ ಮ್ಯಾಲ ಬರದು ತೋರಿಸಿದ್ರು.
ನನಗ ತಡೀಲಿಲ್ಲ: "ಕಾಜಾ ಅನ್ರೀ ಮತ್ತ!"

ಅರಿವಿ ಯಾವುದು?
ಪಾಲಿಯೆಸ್ಟರ್.
ಇವರು ಮುಖ ಹಿಂಡಿದ್ದು ಅಲ್ಲೇ ಮೊದಲ ಸಲ.
ಟೆರಿಕಾಟ್ ತಂದ ಗಿರಾಕಿಗಿ
"ಬೆವರು ಕುಡಿಯಲ್ಲ ಅದು" ಅಂತ ವಾಪಸ್ ಕಳಿಸಿದ ಮನಷ್ಯಾ.
"ರಕ್ತ ಕುಡೀಬಾರ್ದು ಅಂತೇ ಅದು" ಅಂದ್ರು ಡಾಕ್ಟರ್.

ಎಂಟು ವಾರ ಆಗ್ತದಂತ.
ಪರದೇಶದಾಗ ಹೊಲೀತಾರಂತ, ಕೈಲೇ.
ಯುಗಾದಿ, ರಂಜಾನು, ಲಗ್ನದ ಸೀಜನ್,
"ನಾಳಿ ಬರ್ರಿ, ಬರೇ ಕಾಜಾ ಉಳದದ" ಅಂತ
ಊರಿಗೆಲ್ಲ ಸುಳ್ಳು ಹೇಳಿದ ಬಾಯಿ
ಈಗ ಫೋನ್ ಹಿಡದು ಕೇಳ್ತದ:
"ಹೊಲದಾಯ್ತೇನ್ರಿ ನಂದು?"

ಕೊಡ ಎತ್ತಬ್ಯಾಡ್ರಿ. ಬೀಡಿ ಬಿಡ್ರಿ. ಸಿಟ್ಟಿಗೇಳಬ್ಯಾಡ್ರಿ.
ಪೆಡಲ್ ಸದ್ದಿಲ್ಲದ ಮಧ್ಯಾಹ್ನ
ಕಲಬುರಗಿ ಬಿಸಿಲು ಒಳಗ ಬಂದು ಕೂಡ್ತದ, ಬಾಕಿ ಇದ್ದ ಗಿರಾಕಿ ಹಾಂಗ.
ನಾನು ಆಕಿನ್ನ ನೆನೀತೀನಿ.
ಆಕಿ ಅಂತೇ ಅನ್ಕೊಂಡೀನಿ;
ಗಂಡಸರಿಗಿ ಅಷ್ಟು ಸಣ್ಣ ಟಾಕಿ ಬರಲ್ಲ.
ಚಳಿ ಊರಿರಬೇಕು. ಕಿಟಕಿ ಬಾಜು ಕೂತಿರಬೇಕು.
ತಂತಿಯ ಉಂಗುರ, ಅರಿವಿ, ಸೂಜಿ.
ಧೋಂಡಿಬಾ ಅನ್ನಲಿಕ್ಕಿ ಆಕಿ ನಾಲಿಗಿ ಹೊರಳಲ್ಲ,
ಮೋತಿ ನೋಡಿಲ್ಲ,
ಆದ್ರ ಇವರ ಒಳಗಿನ ತಿರುವು ನನಗಿಂತ ಚಲೋ ಗೊತ್ತದ.
ಹೊಟ್ಟಿಕಿಚ್ಚಲ್ಲ.
ಖರೆ ಹೇಳಬೇಕಂದ್ರ, ಚೂರು ಅದ.

ತಂಗಿ, ಕೊನಿ ಕಾಜಾಕ್ಕ ಬರೋದ್ರಾಗ ಕೈ ಸೋತಿರ್ತದ,
ನನಗ ಗೊತ್ತು.
ಎದ್ದು ಒಂದು ಕಪ್ ಚಹಾ ಕುಡಿ.
ಆಮ್ಯಾಲ ಹೊಲಿ.

ಬಂತು. ಉದ್ದನ ಡಬ್ಬಿಯಾಗ, ಹತ್ತನೇ ವಾರಕ್ಕ.
ಅವರೂ ನಮ್ಮಂಥವ್ರೇ.
ಮುಟ್ಟಲಿಕ್ಕಿ ಕೊಡಲಿಲ್ಲ;
ಮಡಿಚಿ ಮಡಿಚಿ ನಳಿಗಿಯಾಗ ತುಂಬ್ಯಾರ,
ತೊಡಿ ಸಂದಿಯಿಂದ ಏರಿಸಿ ಒಳಗ ಅರಳಸ್ತಾರಂತ.
ಚೀಟಿ ಮ್ಯಾಲ ಇವರ ಹೆಸರಿನ ಎರಡಕ್ಷರ.
ಇಷ್ಟು ವರ್ಷಕ್ಕ ಇವರ ಹೆಸರಿಗಂತ
ಯಾರರೆ ಏನರೆ ಹೊಲದಿದ್ದು ಇದೊಂದೇ.

ಗಾಲಿ ಮಂಚ ಹೊರಟಾಗ ತಲಿ ಎತ್ತಿ ಕೇಳ್ದ್ರು,
"ಇನಾಯತ್ ಸಾಹೇಬ್ರ ಶೇರ್ವಾನಿ ಆಯ್ತೇನು?"
"ಬರೇ ಕಾಜಾ ಉಳದದ" ಅಂದೆ.
ಈ ಸಲ ಸುಳ್ಳಲ್ಲ, ಚೀಲದಾಗ ತಂದಿದ್ದೆ.

ಬಾಗಿಲು ಮುಚ್ಚಿತು. ದಾರ ಪೋಣಿಸ್ದೆ.
ಒಂಬತ್ತು ಕಾಜಾದ ಶೇರ್ವಾನಿ.
ನಾಲ್ಕು ಮುಗದಾಗ ಕೈ ತಾವೇ ನಿಂತ್ವು.
ಯಾರೋ ಗುರ್ತಿಲ್ಲದಾಕಿ ಚಹಾ ತಂದು ಕೊಟ್ಲು.
ಕುಡದೆ.
ಐದನೇದಕ್ಕ ಅರಿವಿ ಸೀಳಿದೆ.