ಗೋಡೆಗೆ ಎರಡಿಂಚಿನ ತೂತು

ಮೊದಲು ಒಂದೇ ಡ್ರಮ್ಮು, ನೀಲಿ.
ಯಾವುದೋ ಕಾಲದಲ್ಲಿ ಸೋಪಿನೆಣ್ಣೆ ತುಂಬಿತ್ತಂತೆ.
ಏಳು ಸಲ ತೊಳೆದೆ, ಎಂಟನೆಯ ಸಲ ಮೂಸಿದೆ.
ಮೇಲೊಂದು ಅಂಚು ಮುರಿದ ಬಾನಿ, ಅದರ ತುಂಬ
ಹೆಂಚಿನ ಚೂರು, ಜಲ್ಲಿ. ಜಲ್ಲಿಗೆ ನಿಂಬೆಹುಳಿ ಹಿಂಡಿ ನೋಡಿದ್ದೆ;
ನೊರೆ ಬಂದದ್ದೆಲ್ಲ ರಸ್ತೆಗೆ.

ಕೆಳಗೆ ಮೀನು, ಮೇಲೆ ಸೊಪ್ಪು,
ನಡುವೆ ನಾನೇ ಸುತ್ತಿದ ಮೋಟಾರು.
ಅರಸೀಕೆರೆಯಲ್ಲಿ ಸುಟ್ಟ ಮೋಟಾರಿಗೆ ಬರವಿಲ್ಲ.
ಅಪ್ಪನ ಅಂಗಡಿ, ಅಪ್ಪನ ಸ್ಟೂಲು, ಈಗ ನನ್ನ ಬೆನ್ನುನೋವು.
ತಾಮ್ರದ ತಂತಿ ಎಣಿಸಿ ಸುತ್ತುವವಳಿಗೆ
ನೀರು ಸುತ್ತಿಸುವುದೇನು ಮಹಾ ಅಂದುಕೊಂಡೆ.

ಒಂಬತ್ತನೇ ದಿನ ಹನ್ನೆರಡೂ ಮೀನು
ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದವು.
ಅತ್ತಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.
ಪೂಜೆಗೆ ಕಿತ್ತ ಪತ್ರೆಯ ಬುಟ್ಟಿಯನ್ನು
ಡ್ರಮ್ಮಿನಿಂದ ಒಂದು ಮಾರು ದೂರ ಸರಿಸಿದಳು.

ಆಚೆಮನೆ ಮುಬೀನಾ ಗೋಡೆಯ ಮೇಲಿಂದ ಬಗ್ಗಿದಳು.
ಅವಳ ತಮ್ಮ ಗೊರೂರಿನ ಕಡೆ ಮೀನುಮರಿ ಸಾಗಿಸುವವನು.
"ಅವುಗಳ ಉಚ್ಚೇನೇ ಅವಕ್ಕೆ ವಿಷ ಕಣಕ್ಕಾ.
ಅದನ್ನ ತಿನ್ನೋ ಹುಳ ಮೊದಲು ಬರಬೇಕು.
ಹುಳ ಅಂದ್ರೆ ಕಣ್ಣಿಗೆ ಕಾಣೋದಲ್ಲ."

ಆರು ವಾರ ಕಾದೆ, ಕಾಣದವರಿಗೆ.
ಬರೀ ನೀರು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ.
ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಉದುರಿಸಿದೆ;
ಮೀನಿಲ್ಲದ ಡ್ರಮ್ಮಿಗೆ ಊಟ ಹಾಕುವುದನ್ನು ಕಂಡು
ಹಾಲಿನವನು ಬಾಗಿಲು ಬದಲಿಸಿದ.
ಒಂದು ಬೆಳಿಗ್ಗೆ ಹೆಂಚಿನ ಚೂರು ಎತ್ತಿ ಮೂಸಿದರೆ
ಉತ್ತ ಹೊಲದ ವಾಸನೆ.
ಬಂದಿದ್ದರು.

ಆಮೇಲೆ ಬೆಳೆದದ್ದು ಸೊಪ್ಪಲ್ಲ, ಆಸೆ.
ಎರಡನೇ ಡ್ರಮ್ಮು. ಮೂರನೆಯದು.
ಸಾವಿರ ಲೀಟರಿನ, ಕಂಬಿಪಂಜರದ ಟ್ಯಾಂಕು.
ಬಟ್ಟೆ ಒಗೆಯುವ ಕಲ್ಲು ಮೊದಲು ಮೂಲೆಗೆ, ಆಮೇಲೆ ಬೀದಿಗೆ.
ಅಣ್ಣನ ಬೈಕು ಜಗಲಿಗೆ. ದಾಸವಾಳ ಕುಂಡಕ್ಕೆ.
ಹರಿವೆ, ಪುದೀನ, ಬಸಳೆ. ಬಸಳೆಯ ಬಳ್ಳಿಯಂತೂ
ಮೀಟರ್ ಬೋರ್ಡಿನವರೆಗೂ ಹೋಗಿ
ರೀಡಿಂಗ್ ನೋಡಿಕೊಂಡು ಬಂತು.

ಮೀನೂ ಕೊಬ್ಬಿದವು. ಅಂಗೈಯಷ್ಟಾಗಿ, ಮೊಳಕೈ ಮುಟ್ಟುವ ಲಕ್ಷಣ.
ತಿನ್ನದ ಮನೆಯಲ್ಲಿ ಮೀನು ದೊಡ್ಡದಾಗುವುದೆಂದರೆ
ಮದುವೆಗೆ ಬಂದ ನೆಂಟರು ತಿಂಗಳಾದರೂ ಹೊರಡದ ಹಾಗೆ.
ಈಗ ಬಾಯಿಬಿಟ್ಟಳು ಅತ್ತಿಗೆ:
"ಹಸುವಾದ್ರೆ ಹಾಲು ಕೊಡುತ್ತೆ.
ಇವನ್ನೇನ್ ಮಾಡ್ತೀ, ಪಿಂಚಣಿ ಕೊಟ್ಟು ಸಾಕ್ತೀಯಾ?"

ಭಾನುವಾರ ನಾನೂ ಮುಬೀನಾಳೂ ಗೋಡೆಯ ಎರಡು ಬದಿ ನಿಂತು
ತಿಳಿಬಣ್ಣದ ಟ್ಯೂಬಿಗೆ ನೀರು ತುಂಬಿ ಮಟ್ಟ ಹಿಡಿದೆವು,
ಗಾರೆಯವರು ಹಿಡಿಯುವ ಹಾಗೆ.
ಅವಳ ಹಿತ್ತಲು ನಮ್ಮದಕ್ಕಿಂತ ನಾಲ್ಕು ಬೆರಳು ತಗ್ಗು.
ಇಷ್ಟು ವರ್ಷ ಗೊತ್ತಿರಲಿಲ್ಲ. ಅದೇ ಬೇಕಾಗಿತ್ತು.
ಏರುವ ಪೈಪು ಗೋಡೆ ಹತ್ತಿತು,
ಇಳಿಯುವ ಪೈಪಿಗೆ ಉಳಿ, ಸುತ್ತಿಗೆ, ಎರಡಿಂಚಿನ ತೂತು.
ಮೀನು ಅತ್ತ, ಸೊಪ್ಪು ಇತ್ತ.
ಅತ್ತಿಗೆ ಕೇಳಿಸಿಕೊಂಡದ್ದು 'ಮೀನು ಅತ್ತ' ಅನ್ನುವಷ್ಟೇ.

ಜಗಳವಾಗದೇ ಇರಲಿಲ್ಲ. ಕರೆಂಟ್ ಬಿಲ್ಲು ಯಾರದು?
ಮೋಟಾರು ಅವಳ ತೊಟ್ಟಿಯಲ್ಲಿ, ಪ್ಲಗ್ಗು ನನ್ನ ಗೋಡೆಯಲ್ಲಿ.
ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ
ಚಿಲ್ಲರೆ ಸಮೇತ ಅರ್ಧ ಬಿಲ್ಲು ಉಪ್ಪಿನಕಾಯಿ ಬಾಟಲಿಯಲ್ಲಿ
ಗೋಡೆಯ ಮೇಲೆ ಕೂತಿತ್ತು.
ಬಾಟಲಿಗೆ ಪುದೀನ ತುರುಕಿ ಹಿಂದಿರುಗಿಸಿದೆ.

ಹನ್ನೊಂದು ನಿಮಿಷಕ್ಕೊಮ್ಮೆ ಬಾನಿ ತುಂಬಿ
ಸೈಫನ್ನು ಗುಟುಕ್ಕೆಂದು ಹೀರಿ, ಗೊಳಗೊಳ ಖಾಲಿ ಮಾಡುತ್ತದೆ.
ರೈಲಿನ ಊರಲ್ಲಿ ಸದ್ದಿಗೆ ಯಾರೂ ಏಳುವುದಿಲ್ಲ.
ಏಳುವುದು ಸದ್ದು ನಿಂತಾಗ.

ನಿನ್ನೆ ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಟಾರ್ಚು ಹುಡುಕಿ ಹಿತ್ತಲಿಗೆ ಓಡಿದರೆ
ನನಗಿಂತ ಮೊದಲೇ ಅತ್ತಿಗೆ,
ಸ್ಟೂಲು ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ,
ಗೋಡೆಯ ಮೇಲಿಂದ ಆಚೆಯ ತೊಟ್ಟಿಗೆ
ಕೊಡ ಬಗ್ಗಿಸಿ ಧಾರೆಯಾಗಿ ಸುರಿಯುತ್ತಿದ್ದಾಳೆ,
ನೀರಿಗೆ ಉಸಿರು ಸೇರಲೆಂದು.
ಅತ್ತಲಿಂದ ಮುಬೀನಾ ಮತ್ತೊಂದು ಕೊಡ ತುಂಬಿ ಮೇಲೆತ್ತುತ್ತಾಳೆ.

"ಕಂಬದ ಹಾಗೆ ನಿಂತ್ಕೋಬೇಡ,
ಅಂಗಡಿಯಿಂದ ಬ್ಯಾಟರಿ ತಗೊಂಡು ಬಾ,"
ಅಂದಳು ಅತ್ತಿಗೆ,
ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಸುರಿಯುತ್ತಾ.